ಹೊತ್ತು ಮುಳುಗುವ ಮುಂಚಿನ ಊಟ

ಪ್ರಶ್ನೆ: ನನಗೆ 41 ವರ್ಷ, ಹುಬ್ಬಳ್ಳಿಯಲ್ಲಿ ಬ್ಯಾಂಕ್ ನೌಕರಿ. ಎರಡೂವರೆ ತಿಂಗಳಿಂದ ಇಂಟರ್ಮಿಟೆಂಟ್ ಫಾಸ್ಟಿಂಗ್ ಮಾಡುತ್ತಿದ್ದೇನೆ, ಅಂದರೆ ದಿನದ ಹದಿನಾರು ಗಂಟೆ ಉಪವಾಸ, ಉಳಿದ ಎಂಟು ಗಂಟೆಯೊಳಗೆ ಊಟ. ಬೆಳಗಿನ ನಾಷ್ಟಾ, ಚಹಾ ಎರಡೂ ಬಂದ್. ಮಧ್ಯಾಹ್ನ ಎರಡಕ್ಕೆ ಒಂದು ಊಟ, ರಾತ್ರಿ ಹತ್ತರೊಳಗೆ ಇನ್ನೊಂದು. ಮೊದಲ ತಿಂಗಳು ಮೂರು ಕೆ.ಜಿ. ಇಳಿದೆ, ಆಮೇಲೆ ತೂಕ ಅಲ್ಲಾಡಿಲ್ಲ. ಹನ್ನೊಂದರ ಹೊತ್ತಿಗೆ ತಲೆ ಸಿಡಿಯುತ್ತದೆ. ನನ್ನನ್ನು ನೋಡಿ 68 ವರ್ಷದ ಅವ್ವನೂ ಶುರು ಮಾಡುತ್ತೇನೆ ಅನ್ನುತ್ತಿದ್ದಾಳೆ. ಆಕೆಗೆ ಸಕ್ಕರೆ ಕಾಯಿಲೆ ಇದೆ, ಗುಳಿಗೆ ತಗೋತಾಳೆ. ಮುಂದುವರಿಸಲೋ, ಬಿಡಲೋ?

ಉತ್ತರ: ಅವ್ವನ ವಿಷಯ ಮೊದಲು ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ದಯವಿಟ್ಟು ಈಗಲೇ ಶುರು ಮಾಡಿಸಬೇಡಿ. ಅವರ ಗುಳಿಗೆಯ ಚೀಟಿ ತೆಗೆದು ನೋಡಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಂತ ಏನಾದರೂ ಇದೆಯೇ? ಇವು ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತವೆ, ಹೊಟ್ಟೆ ಖಾಲಿಯಿದ್ದರೆ ರಕ್ತದ ಸಕ್ಕರೆ ಕುಸಿಯಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಅಪಾಯ ಕಡಿಮೆ. ಆದರೂ ವೈದ್ಯರನ್ನು ಕೇಳದೆ ಬೇಡ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಅಮ್ಮ ಏಕಾದಶಿ ಬಿಟ್ಟವರಲ್ಲ, ಅದೂ ನಿಟ್ಟುಪವಾಸ. ಆರು ವರ್ಷದ ಹಿಂದೆ ಏಕಾದಶಿಯ ದಿನವೂ ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ನುಂಗಿದ್ದರು, ಗುಳಿಗೆ ಊಟವಲ್ಲವಲ್ಲ ಎಂದು. ದ್ವಾದಶಿ ಬೆಳಗಿನ ಜಾವ ಪಾರಣೆಗೆ ಅಗಸೆ ಸೊಪ್ಪು ಸೋಸುತ್ತಾ ನಾನು ಅಡುಗೆಮನೆಯಲ್ಲಿದ್ದೆ. ದೇವರ ಕೋಣೆಯಿಂದ ಕಡ್ಡಿ ಗೀರುವ ಸದ್ದು ಮತ್ತೆ ಮತ್ತೆ ಕೇಳುತ್ತಿತ್ತು, ದೀಪ ಮಾತ್ರ ಹತ್ತಲಿಲ್ಲ. ಹೋಗಿ ನೋಡಿದರೆ ಬೆರಳು ನಡುಗುತ್ತಿವೆ, ಕುಪ್ಪಸದ ಬೆನ್ನು ತೊಯ್ದು ಅಂಟಿಕೊಂಡಿದೆ. ನನ್ನನ್ನು ತೀರಿಹೋದ ಚಿಕ್ಕಮ್ಮನ ಹೆಸರಿನಿಂದ ಕರೆದರು. ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ 52 ತೋರಿಸಿತು. 70ಕ್ಕಿಂತ ಕೆಳಗೆ ಇಳಿದರೇ ಅಪಾಯದ ಗಂಟೆ. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, ಹದಿನೈದು ನಿಮಿಷ ಅವರ ಕೈ ಹಿಡಿದು ಕೂತೆ. 81ಕ್ಕೆ ಏರಿತು. ಆ ಹದಿನೈದು ನಿಮಿಷವನ್ನು ನಾನು ಮರೆಯಲಾರೆ. ವೈದ್ಯರು ಗುಳಿಗೆ ಬದಲಿಸಿದರು. ಅಮ್ಮ ಈಗಲೂ ಏಕಾದಶಿ ಮಾಡುತ್ತಾರೆ, ಹಾಲು ಹಣ್ಣು ತೆಗೆದುಕೊಂಡು.

ಇನ್ನು ನಿಮ್ಮದು. ಮೊದಲ ತಿಂಗಳ ಮೂರು ಕೆ.ಜಿ.ಯಲ್ಲಿ ಒಂದು ಪಾಲು ನೀರು. ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೊಜೆನ್‌ನ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಹೋಗುವುದು ಅದೇ. ಕೊಬ್ಬು ಕರಗುವುದು ನಿಧಾನ, ಆಗ ತೂಕ ನಿಂತ ಹಾಗೆ ಕಾಣುತ್ತದೆ. ಇದು ನಿಮ್ಮ ಸೋಲಲ್ಲ.

ಆದರೆ ರಾತ್ರಿ ಹತ್ತರ ಊಟ ನನಗೆ ಒಪ್ಪಿಗೆಯಿಲ್ಲ. ನಾನೂ ಮಾಡಿದ ತಪ್ಪು ಅದು. ನನಗೆ 49 ಆದಾಗ ನಿಮ್ಮ ಹಾಗೆಯೇ ಬೆಳಗಿನ ತಿಂಡಿ ಬಿಟ್ಟೆ. ಕಾಲೇಜಿನಲ್ಲಿ ಮೂರನೇ ಪೀರಿಯಡ್ ಮುಗಿಯುವಷ್ಟರಲ್ಲಿ ಕಣ್ಣು ಮಂಜು. ಮನೆಗೆ ಬಂದವಳು ಸಂಜೆ ಐದರಿಂದ ರಾತ್ರಿ ಒಂಬತ್ತೂವರೆಯವರೆಗೆ ಅವಲಕ್ಕಿ, ಚಕ್ಕುಲಿ, ಅನ್ನ, ಮೊಸರನ್ನ, ಒಂದರ ಹಿಂದೊಂದು. ಗಡಿಯಾರದ ಲೆಕ್ಕದಲ್ಲಿ ಉಪವಾಸ ಸರಿಯಾಗಿಯೇ ಇತ್ತು. ಮೂರು ತಿಂಗಳಾದರೂ ತೂಕ ಒಂದೂವರೆ ಕೆ.ಜಿ.ಯಷ್ಟೇ ಇಳಿಯಿತು, ಎದೆಯುರಿ ಮಾತ್ರ ದಿನವೂ ಬಂತು.

ಆಗ ನೆನಪಾದದ್ದು ಮೂಡುಬಿದಿರೆ. ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆ ಜೈನರದು. ಹೊತ್ತು ಮುಳುಗುವ ಮುಂಚೆ ಅವರ ಮನೆಯಲ್ಲಿ ಊಟ ಮುಗಿದು, ಒಲೆ ಸಾರಿಸಿ, ಪಾತ್ರೆ ಬೋರಲು ಹಾಕಿ ಆಗಿರುತ್ತಿತ್ತು. ಅವರಿಗೆ ಅದು ಅಹಿಂಸೆಯ ವ್ರತ, ದೀಪಕ್ಕೆ ಮುತ್ತುವ ಹುಳು ಸಾಯಬಾರದೆಂದು. ನನಗೆ ಅದು ದಾರಿ ತೋರಿಸಿತು. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ, ಸಂಜೆ ಏಳರೊಳಗೆ ಊಟ ಮುಗಿತಾಯ ಎಂದು ಮಾಡಿಕೊಂಡೆ. ಹದಿನಾರು ಗಂಟೆ ಇಲ್ಲ, ಹದಿನಾಲ್ಕೇ. ಎದೆಯುರಿ ಎರಡು ವಾರದಲ್ಲಿ ಹೋಯಿತು. ಏಳು ತಿಂಗಳಲ್ಲಿ 68ರಿಂದ 63 ಕೆ.ಜಿ.ಗೆ ಬಂದೆ. ಮದುವೆ, ಹಬ್ಬ ಇದ್ದ ದಿನ ತಡವಾಗಿ ಉಣ್ಣುತ್ತೇನೆ, ಮಾರನೆಯ ದಿನ ಮತ್ತೆ ಏಳಕ್ಕೆ.

ಗಂಟೆಯೇ ಎಲ್ಲವನ್ನೂ ಮಾಡುತ್ತದೆ ಎಂದು ಮಾತ್ರ ನಂಬಬೇಡಿ. ಚೀನಾದ ಗುವಾಂಗ್‌ಝೌನಲ್ಲಿ ಬೊಜ್ಜಿದ್ದ 139 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಊಟದ ಪ್ರಮಾಣ ಇಳಿಸಿದ್ದರು. ಅರ್ಧದಷ್ಟು ಜನ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೇ ಉಣ್ಣಬೇಕಿತ್ತು. ಎರಡೂ ಗುಂಪಿನ ತೂಕ ಇಳಿಯಿತು, ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಂಜೆ ಬೇಗ ಅಡುಗೆಮನೆ ಮುಚ್ಚಿದ್ದರಿಂದ ನನ್ನ ಚಕ್ಕುಲಿ ಡಬ್ಬಿಯೂ ಮುಚ್ಚಿತು. ನನ್ನ ತೂಕ ಇಳಿಸಿದ್ದು ಅದೇ ಎಂದು ನನಗನ್ನಿಸುತ್ತದೆ. ಹುಬ್ಬಳ್ಳಿಯ ಸಂಜೆಯಲ್ಲಿ ಗಿರ್ಮಿಟ್, ಮಿರ್ಚಿ ಎಷ್ಟು ಸಲ ಸೇರುತ್ತಿದೆ, ಒಂದು ವಾರ ಬರೆದಿಟ್ಟು ನೋಡಿ.

ತಲೆನೋವಿಗೆ ಚಹಾ ಒಮ್ಮೆಲೇ ನಿಂತದ್ದೂ ಕಾರಣವಿರಬಹುದು, ನೀರು ಕಡಿಮೆಯಾದದ್ದೂ ಇರಬಹುದು. ಎದ್ದ ತಕ್ಷಣ ಎರಡು ಲೋಟ ನೀರು, ಬೇಕಾದರೆ ಹಾಲು ಸಕ್ಕರೆ ಇಲ್ಲದ ಚಹಾ ಕುಡಿಯಿರಿ. ಒಂಬತ್ತೂವರೆಗೆ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಮೊಸರು ತಿಂದು ಬ್ಯಾಂಕಿಗೆ ಹೋಗಿ. ಕಾಳು, ಮೊಸರು ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ರಾತ್ರಿ ಊಟ ಏಳೂವರೆಗೆ ತನ್ನಿ. ಹತ್ತು ದಿನದಲ್ಲಿ ತಲೆನೋವು ಹೋಗದಿದ್ದರೆ ಬಿ.ಪಿ., ಸಕ್ಕರೆ ಎರಡನ್ನೂ ತೋರಿಸಿ.

ಪ್ರಶ್ನೆ: ನಾನು ಪಿ.ಯು.ಸಿ. ಎರಡನೇ ವರ್ಷ, ವಯಸ್ಸು 17. ತೆಳ್ಳಗಾಗಲು ದಿನಕ್ಕೆ ಒಂದೇ ಊಟ ಮಾಡುತ್ತಿದ್ದೇನೆ. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಮನೆಯಲ್ಲಿ ಗೊತ್ತಿಲ್ಲ.

ಉತ್ತರ: ಮಗಳೇ, ಇವತ್ತೇ ನಿಲ್ಲಿಸು. ನಿನ್ನ ಮೂಳೆ ಇನ್ನೂ ಗಟ್ಟಿಯಾಗುತ್ತಿರುವ ವಯಸ್ಸಿದು, ಈ ಉಪವಾಸ ನಿನಗಲ್ಲ. ಸಾಕಷ್ಟು ಆಹಾರ ಸಿಗದಾಗ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು. ಬೇರೆ ಕಾರಣವೂ ಇರಬಹುದು, ಅದನ್ನು ಸ್ತ್ರೀರೋಗ ತಜ್ಞರು ನೋಡಲಿ. ಈ ಪುಟವನ್ನು ಅಮ್ಮನ ಕೈಗೆ ಕೊಟ್ಟು ಓದಲು ಹೇಳು, ಬಾಯಿಬಿಟ್ಟು ಹೇಳುವುದು ಕಷ್ಟವಾದರೆ. ಈ ವಾರದೊಳಗೆ ಅವರ ಜೊತೆ ಹೋಗಿ ಬಂದು ನನಗೆ ಎರಡು ಸಾಲು ಬರಿ, ಕಾಯುತ್ತಿರುತ್ತೇನೆ.