ದೂರದ ಲೆಕ್ಕದಲ್ಲಿ ಬರೆದ ಆಪ್ಷನ್ ಪಟ್ಟಿ

ಸಿಇಟಿ ರ್‍ಯಾಂಕ್ ಬಂದು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಆದ್ಯತೆಯ ಸಾಲಿನಲ್ಲಿ ಬರೆದು ಕೊಡುವುದು) ಶುರುವಾದರೆ ನನ್ನ ಕೋಣೆ ಸೈಬರ್ ಸೆಂಟರ್ ಥರ ಆಗಿಬಿಡುತ್ತದೆ. ನಾನು ಆಪ್ತಸಲಹೆಗಾರ್ತಿ. ಸೀಟು ಕೊಡಿಸುವವಳಲ್ಲ. ಆದರೂ ಬಂದವರು ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿಯುತ್ತಾರೆ. "ಯಾವ ಕಾಲೇಜು ಮೊದಲು ಹಾಕಲಿ ಮೇಡಂ?"

ಈಗ ನಾನು ಕಾಲೇಜಿನ ಹೆಸರು ನೋಡುವುದಕ್ಕಿಂತ ಪಟ್ಟಿ ಯಾವ ಲೆಕ್ಕದಲ್ಲಿ ಸಾಲಾಗಿ ಕೂತಿದೆ ಅಂತ ನೋಡುತ್ತೇನೆ. ಕೆಲವು ಪಟ್ಟಿ ಗೆಳೆಯನ ಪಟ್ಟಿಯ ನಕಲು. ಕೆಲವು ಸೋದರಮಾವನ ಪಟ್ಟಿ. ಇನ್ನು ಕೆಲವು ಪಟ್ಟಿಗಳಲ್ಲಿ ಬರೀ ಮನೆ ಹತ್ತಿರದ ಕಾಲೇಜುಗಳೇ ಇರುತ್ತವೆ. ಮೆಲ್ಲಗೆ ಕೇಳಿದರೆ, ಅಪ್ಪ ಕುಡಿದು ಬರುವ ಮನೆಯಲ್ಲಿ ಅಮ್ಮನನ್ನು ಒಬ್ಬಳನ್ನೇ ಬಿಟ್ಟು ಹೋಗಲು ಪಟ್ಟಿ ಬರೆದ ಹುಡುಗನಿಗೆ ಧೈರ್ಯ ಇಲ್ಲ. ಪಟ್ಟಿಯನ್ನು ಹೀಗೆ ಓದುವುದನ್ನು ನನಗೆ ಕಲಿಸಿದ್ದು ಸುಮಾ. ಹೆಸರು ಬದಲಿಸಿದ್ದೇನೆ, ಗುರುತು ಹತ್ತುವಂಥ ಒಂದೆರಡು ವಿವರಗಳನ್ನೂ. ಬರೆಯುತ್ತೇನೆ ಅಂತ ಹೇಳಿ ಅವಳ ಒಪ್ಪಿಗೆ ಪಡೆದಿದ್ದೇನೆ.

ಸುಮಾ ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಪಿಯುಸಿಯಲ್ಲಿ ಪಿಸಿಎಂಬಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಅಂಕ ಚೆನ್ನಾಗಿದ್ದವು, ಜೀವಶಾಸ್ತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ. ಮನೆಯಲ್ಲಿ ಅಪ್ಪ, ಅವ್ವ, ಹಾಸಿಗೆ ಹಿಡಿದ ಅಜ್ಜಿ, ಒಂಬತ್ತನೇ ಕ್ಲಾಸಿನ ತಮ್ಮ. ಕರೆದುಕೊಂಡು ಬಂದದ್ದು ಅಪ್ಪ. ಅವರ ದೂರು ಒಂದೇ. ಹುಡುಗಿ ಹಟ ಹಿಡಿದಿದ್ದಾಳೆ, ಊರ ಹತ್ತಿರ ಓದಲ್ಲ ಅಂತಾಳೆ. "ಬಸ್ಸು ಫ್ರೀ ಐತ್ರೀ ಮೇಡಂ. ಹಾವೇರಿಯೊಳಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಐತಿ. ಮನಿಯಿಂದನ ಹೋಗಿ ಬರ್ತಾಳ. ಹಾಸ್ಟೆಲ್ ಯಾಕ ಬೇಕ್ರೀ?"

ಬಸ್ಸಿನ ಮಾತು ಬಂತಲ್ಲ, ಇಲ್ಲೇ ಹೇಳಿಬಿಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಪಿಯುಸಿಗೇ ಓದು ನಿಲ್ಲಿಸಬೇಕಿದ್ದ ಎಷ್ಟೋ ಹುಡುಗಿಯರು ಡಿಗ್ರಿಗೆ ಹೋಗುವುದನ್ನು ನಾನೇ ನೋಡಿದ್ದೇನೆ. ಅದನ್ನು ಅಲ್ಲಗಳೆಯುವವಳು ನಾನಲ್ಲ. ಆದರೆ ಅದೇ ಫ್ರೀ ಬಸ್ಸು ಈಗ ಹಾಸ್ಟೆಲ್ ಬೇಡ ಅನ್ನುವುದಕ್ಕೆ ನೆಪವೂ ಆಗಿದೆ. ಗಂಡುಮಕ್ಕಳಿಗೆ ಬಸ್ಸು ಫ್ರೀ ಇಲ್ಲ. ಅವರನ್ನು ಹಾಸ್ಟೆಲ್‌ಗೆ ಕಳಿಸುವಾಗ ಯಾರೂ ಇಷ್ಟು ಲೆಕ್ಕ ಹಾಕುವುದಿಲ್ಲ.

ಅಪ್ಪನನ್ನು ಹೊರಗೆ ಕೂರಿಸಿ ಅವಳ ಜೊತೆ ಮಾತು ಶುರು ಮಾಡಿದೆ. ಮೊದಲ ಇಪ್ಪತ್ತು ನಿಮಿಷ ಹಾಳು ಮಾಡಿದ್ದು ನಾನೇ. ಯಾವ ಬ್ರಾಂಚ್‌ಗೆ ಏನು ಕೆಲಸ, ಕ್ಯಾಂಪಸ್ ಸೆಲೆಕ್ಷನ್ ಅಂದರೆ ಏನು ಅಂತ ಪಾಠ ಹೇಳಿದೆ. ಅವಳು ತಲೆ ಆಡಿಸುತ್ತಿದ್ದಳು. ಆಮೇಲೆ ಪಟ್ಟಿ ತೋರಿಸು ಅಂದೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಚೆಂದ ಬರೆದಿದ್ದಳು. ಮೊದಲು ಚಾಮರಾಜನಗರ, ಸಿವಿಲ್. ಆಮೇಲೆ ರಾಮನಗರ, ಮೆಕ್ಯಾನಿಕಲ್. ಕುಶಾಲನಗರ, ಎಲೆಕ್ಟ್ರಾನಿಕ್ಸ್. ಕೆ.ಆರ್. ಪೇಟೆ. ಹಾಸನ. ಹೀಗೆ ಇಳಿಯುತ್ತಾ ಬಂದು ಕಟ್ಟಕಡೆಗೆ ಹಾವೇರಿ.

ಬ್ರಾಂಚ್‌ಗಳಿಗೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಒಳ್ಳೆ ಕಾಲೇಜು ಮೇಲೆ, ಸುಮಾರಿನದು ಕೆಳಗೆ ಅನ್ನುವ ಲೆಕ್ಕವೂ ಅಲ್ಲ. ಇನ್ನೊಂದು ಸಲ ಓದಿದಾಗ ಹೊಳೆಯಿತು. ಪಟ್ಟಿ ಕಿಲೋಮೀಟರ್ ಪ್ರಕಾರ ಇತ್ತು. ಮನೆಯಿಂದ ಅತಿ ದೂರದ್ದು ಮೊದಲು, ಹತ್ತಿರದ್ದು ಕೊನೆಗೆ.

"ಸುಮಾ, ಇದನ್ನ ಮ್ಯಾಪ್ ಇಟ್ಕೊಂಡು ಬರೆದೆಯಾ?" ಅಂದೆ.

ಅವಳು ಸಿಕ್ಕಿಬಿದ್ದವಳ ಹಾಗೆ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. "ಕಾಲೇಜು ಯಾವುದಿದ್ರೂ ನಡೀತೈತ್ರೀ ಮೇಡಂ. ನನಗ ಹಾಸ್ಟೆಲ್ ಬೇಕ್ರೀ."

ಇಂಥ ಮಾತು ಬಂದಾಗ ಕೇಳಲೇಬೇಕಾದ ಪ್ರಶ್ನೆಗಳಿವೆ. ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ಯಾರದ್ದಾದರೂ ಭಯ ಇದೆಯಾ, ಯಾರಾದರೂ ಮೈ ಮುಟ್ಟುತ್ತಾರಾ. ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ಇಲ್ಲ ಅಂದಳು, ಕಣ್ಣು ತಪ್ಪಿಸದೆ. ಹಾಗಾದರೆ ಬೈಯುತ್ತಾರಾ?

"ಯಾರೂ ಬಯ್ಯೂದಿಲ್ರೀ. ಎಲ್ಲಾರೂ ಕರೀತಾರ, ಅಷ್ಟ."

ನನಗೆ ತಕ್ಷಣ ಅರ್ಥ ಆಗಲಿಲ್ಲ. ನಿನ್ನೆ ದಿನ ಬೆಳಿಗ್ಗೆಯಿಂದ ರಾತ್ರಿ ತನಕ ಏನೇನು ಮಾಡಿದೆ ಹೇಳು ಅಂದೆ. ಐದಕ್ಕೆ ಎದ್ದಿದ್ದಳು. ನೀರು ತುಂಬಿ, ಅವ್ವನ ಜೊತೆ ರೊಟ್ಟಿ ಬಡಿದು, ಅಜ್ಜಿಯ ಬಟ್ಟೆ ಬದಲಿಸಿದ್ದಳು. ಅವ್ವ ಹೊಲಕ್ಕೆ ಹೋದ ಮೇಲೆ ಮನೆ ಪೂರ್ತಿ ಅವಳದೇ. ಓದಲು ಕೂರುವುದು ರಾತ್ರಿ ಒಂಬತ್ತೂವರೆಗೆ. ಆಗಲೂ ಅಜ್ಜಿ ಕರೆಯುತ್ತಾರೆ, ಅಪ್ಪ ನೀರು ಕೇಳುತ್ತಾರೆ, ತಮ್ಮನಿಗೆ ಚಾರ್ಜರ್ ಸಿಗುವುದಿಲ್ಲ. ಪರೀಕ್ಷೆ ಸಮಯದಲ್ಲಿ ಒಂದು ರಾತ್ರಿ ಸುಮ್ನೆ ಎಣಿಸಿದ್ದಳಂತೆ. ಒಂದು ಪಾಠ ಮುಗಿಸುವುದರೊಳಗೆ ಹನ್ನೊಂದು ಸಲ ಎದ್ದಿದ್ದಳು. ತಮ್ಮ ಒಳಕೋಣೆಯಲ್ಲಿ ಓದುವಾಗ ಮಾತ್ರ "ಅವ ಓದಾಕ ಕುಂತಾನ" ಅಂತ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಜ್ಜಿ ಅಂದರೆ ಅವಳಿಗೆ ಜೀವ. ಅದಕ್ಕೇ ಮನೆಯಲ್ಲಿ ಬಾಯಿಬಿಟ್ಟು ಹೇಳಲು ಅವಳಿಗೆ ಆಗಿರಲಿಲ್ಲ. ಪ್ರೀತಿಯಿಂದ ಕರೆಯುವವರಿಗೆ ಕರೀಬೇಡಿ ಅಂತ ಹೇಗೆ ಹೇಳುವುದು?

ನಾನು ಹೇಳಿದ್ದು ಇಷ್ಟು. ದೂರ ಹೋಗಬೇಕು ಅನ್ನಿಸುವುದು ತಪ್ಪಲ್ಲ, ಅದಕ್ಕೆ ನಾಚಿಕೆ ಬೇಡ. ಆದರೆ ಮನೆ ಬಿಡುವುದು ಒಂದು ತೀರ್ಮಾನ, ಏನು ಓದಬೇಕು ಅನ್ನುವುದು ಬೇರೆಯೇ ತೀರ್ಮಾನ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಡ. ನಿನಗೆ ಬೇಕಿರುವುದು ನಾನೂರು ಕಿಲೋಮೀಟರ್ ಅಲ್ಲ. ದಿನಾ ಓಡಾಡಲು ಆಗದಷ್ಟು ದೂರ ಇದ್ದರೆ ಸಾಕು.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ಅದಕ್ಕೂ ಕೆಲವು ವರ್ಷ ಮೊದಲು ಹೀಗೇ ಮನೆಯಿಂದ ಪಾರಾಗಲು ಸಿಕ್ಕ ಬ್ರಾಂಚ್ ಹಿಡಿದು ದೂರ ಹೋದ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ. ಮೂರನೇ ಸೆಮಿಸ್ಟರ್‌ಗೆ ಕೈಚೆಲ್ಲಿ ಊರಿಗೆ ವಾಪಸಾಗಿದ್ದ. ಈಗ ಅವನ ಮಾತಿಗೆ ಮನೆಯಲ್ಲಿ ಮೊದಲಿದ್ದ ಬೆಲೆಯೂ ಇಲ್ಲ. ಓಡಿಹೋಗಲು ಹಿಡಿದ ಬಸ್ಸಿನಲ್ಲಿ ನಾಲ್ಕು ವರ್ಷ ಕೂರಲು ಆಗುವುದಿಲ್ಲ ಅಂತ ಅವತ್ತೇ ನನಗೆ ಗೊತ್ತಾಗಿತ್ತು.

ಆಮೇಲೆ ಸುಮಾಗೆ ಕೇಳಿದೆ. "ಮನೆಯಲ್ಲಿ ಯಾರೂ ಕರೆಯಲ್ಲ ಅಂದ್ಕೋ. ಆಗ ಏನು ಓದ್ತೀಯಾ?" ಅವಳಿಗೆ ಉತ್ತರ ಗೊತ್ತಿರಲಿಲ್ಲ. ಆಪ್ಷನ್ ಎಂಟ್ರಿ ಮುಗಿಯಲು ನಾಲ್ಕೇ ದಿನ ಇತ್ತು. ಎರಡು ದಿನ ಬಿಟ್ಟು ಬಾ ಅಂದೆ. ಬಂದಳು. ಎಂಜಿನಿಯರಿಂಗ್ ಬೇಡ್ರೀ, ಗಿಡ ಮರದ ಓದು ಇದ್ದರೆ ನೋಡ್ರೀ ಅಂದಳು. ಪಿಸಿಎಂಬಿ ಓದಿ ಜೀವಶಾಸ್ತ್ರದ ಸಿಇಟಿಯನ್ನೂ ಬರೆದಿದ್ದರಿಂದ ಕೃಷಿ ಸಂಬಂಧಿ ಕೋರ್ಸ್‌ಗಳ ರ್‍ಯಾಂಕ್ ಕೂಡ ಅವಳಿಗಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿದೆ, ನಾಲ್ಕು ವರ್ಷದ ಬಿಎಸ್ಸಿ. ಹೊಸ ಪಟ್ಟಿಯಲ್ಲಿ ಅದು ಮೇಲೆ ಬಂತು. ಚಾಮರಾಜನಗರ ಹೋಯಿತು.

ಇನ್ನು ಅಪ್ಪ. ಇಲ್ಲಿ ನಾನು ಮಾಡಿದ್ದನ್ನು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇಂದಿಗೂ ಒಪ್ಪುವುದಿಲ್ಲ. ಸುಮಾಳ ಅಪ್ಪನಿಗೆ ನಾನು ಬಸ್ಸಿನ ಲೆಕ್ಕ ಹೇಳಿದೆ. ಹಾವೇರಿಯ ಕಾಲೇಜಿಗೆ ಮನೆಯಿಂದ ಓಡಾಡಿದರೆ ಎರಡು ಬಸ್ ಬದಲಿಸಿ ದಿನಕ್ಕೆ ಮೂರು ತಾಸು. ವಾರಕ್ಕೆ ಆರು ದಿನ, ಹದಿನೆಂಟು ತಾಸು. ಬಸ್ ಚಾರ್ಜು ಫ್ರೀ, ಈ ತಾಸು ಫ್ರೀ ಅಲ್ಲ. ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗೆ ಮೀಸಲು ಪಾಲು ಇದೆ ಅಂತಲೂ ಹೇಳಿದೆ. ಆರ್‌ಎಫ್‌ಒ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಬದಲಾಯಿತು. ಹನ್ನೊಂದು ಸಲ ಏಳುವ ರಾತ್ರಿಯ ಮಾತು ನಾನು ಎತ್ತಲಿಲ್ಲ.

ಅರ್ಧ ಸತ್ಯ ಹೇಳಿದಿರಿ, ಮನೆಯವರು ತಮ್ಮ ತಪ್ಪು ಕೇಳಿಸಿಕೊಳ್ಳಬೇಕಿತ್ತು ಅನ್ನುತ್ತಾರೆ ಆ ಸಹೋದ್ಯೋಗಿ. ಇರಬಹುದು. ಆದರೆ ಹೇಳಬೇಡಿ ಅಂತ ಕೇಳಿಕೊಂಡವಳು ಸುಮಾ. ನನ್ನ ಕೋಣೆಯಲ್ಲಿ ಆಡಿದ ಮಾತು ಅವಳದು. ಹೇಳಿದ್ದರೆ ಉಳಿದ ಎರಡು ದಿನ ಅಜ್ಜಿಯನ್ನು ಯಾರು ನೋಡಿಕೊಳ್ಳಬೇಕು ಅನ್ನುವ ಜಗಳದಲ್ಲೇ ಮುಗಿಯುತ್ತಿತ್ತು. ಮಗ ಕೂಡ ಅಜ್ಜಿಯ ಕೆಲಸ ಒಂದಿಷ್ಟು ಕಲಿಯಲಿ ಅಂತ ಮಾತಿನ ನಡುವೆ ಹೇಳಿ ನೋಡಿದೆ. ಅಪ್ಪ ಜೋರಾಗಿ ನಕ್ಕರು, ನಾನು ಜೋಕ್ ಮಾಡಿದೆ ಅಂದುಕೊಂಡು. ಅಲ್ಲಿಗೆ ಸುಮ್ಮನಾದೆ. ನನಗೆ ಚುಚ್ಚುವುದು ಅರ್ಧ ಸತ್ಯವಲ್ಲ, ಹಾಗೆ ಸುಮ್ಮನಾದದ್ದು.

ಪಟ್ಟಿ ಬರೆಯಲು ಕೂತವರಿಗೆ ಒಂದೆರಡು ಮಾತು. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಕೆಇಎ ಮೊದಲು ಬರೀ ಪ್ರಯೋಗಕ್ಕೆ ಅಂತ ಅಣಕು ಸೀಟು ಹಂಚಿಕೆ ಮಾಡುತ್ತದೆ. ಅದಾದ ಮೇಲೆ ಪಟ್ಟಿಯ ಕ್ರಮ ಬದಲಿಸಲು ಅವಕಾಶ ಇರುತ್ತದೆ. ಅಣಕು ಹಂಚಿಕೆಯಲ್ಲಿ ಬಂದ ಕಾಲೇಜಿನ ಹೆಸರು ನೋಡಿದಾಗ ಹೊಟ್ಟೆಯಲ್ಲಿ ಏನಾಯಿತು ಅಂತ ಗಮನಿಸಿ. ಖುಷಿಯೋ, ಸಂಕಟವೋ, ಸದ್ಯ ಪಾರಾದೆ ಅನ್ನುವ ನಿರಾಳವೋ. ನಿರಾಳ ಅನ್ನಿಸಿದರೆ ಯಾವುದರಿಂದ ಪಾರಾಗುತ್ತಿದ್ದೀರಿ ಅಂತ ಒಬ್ಬರ ಹತ್ತಿರವಾದರೂ ಹೇಳಿ. ಹಾಸ್ಟೆಲ್ ನಂಬಿಕೊಂಡವರು ಇನ್ನೊಂದು ನೆನಪಿಡಿ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. ಸಿಗದವರು ವಿದ್ಯಾಸಿರಿಗೆ ಅರ್ಜಿ ಹಾಕಬಹುದು. ಅದು ಊಟ, ವಸತಿಗೆ ಅಂತ ಸರ್ಕಾರ ಕೊಡುವ ಹಣದ ನೆರವು. ಊಟ, ರೂಮು ಎರಡಕ್ಕೂ ಅದು ಸಾಲದು. ಆ ಲೆಕ್ಕ ಮನೆಯವರೊಂದಿಗೆ ಮೊದಲೇ ಆಗಬೇಕು.

ಸುಮಾಗೆ ಶಿರಸಿ ಸಿಕ್ಕಿತು. ಹೇಳಿಹೋಗಲು ಬಂದ ದಿನ ಜೊತೆಗೆ ಅವ್ವ ಇದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಪೂರ್ತಿ ಹೊತ್ತು ಒಂದೂ ಮಾತಾಡಲಿಲ್ಲ. ಎದ್ದು ಹೊರಟ ಮೇಲೆ ಬಾಗಿಲ ಹತ್ತಿರ ನಿಂತು ಕೇಳಿದರು.

"ಹಾಸ್ಟೆಲ್‌ನ್ಯಾಗ ಹುಡುಗ್ಯಾರಿಗೆ ಅಡಗಿ ಮಾಡಾಕ ಹಚ್ಚತಾರೇನ್ರೀ?"

ಇಲ್ಲ, ಅಡುಗೆಯವರು ಇರುತ್ತಾರೆ ಅಂದೆ.

"ಹಂಗಾರ ಹೋಗ್ಲಿ ಬಿಡ್ರೀ" ಅಂದರು. ಅಜ್ಜಿ ಒಬ್ಬರೇ ಇದ್ದಾರೆ, ಬಸ್ಸು ತಪ್ಪುತ್ತದೆ ಅಂತ ಮಗಳಿಗಿಂತ ಮುಂದೆ ಮೆಟ್ಟಿಲಿಳಿದರು.