ನೆಪ್ಚೂನ್ ಆಚೆ ಒಂಬತ್ತನೇ ಗ್ರಹ ನಿಜವಾಗಿಯೂ ಇದೆಯೇ? ಇದ್ದರೆ ಇನ್ನೂ ಏಕೆ ಸಿಕ್ಕಿಲ್ಲ?

ಇರಬಹುದು, ಆದರೆ ಯಾರೂ ಕಂಡಿಲ್ಲ. 2016ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಖಗೋಳಜ್ಞರಾದ ಕಾನ್‌ಸ್ಟಂಟಿನ್ ಬಟಿಗಿನ್ ಮತ್ತು ಮೈಕ್ ಬ್ರೌನ್ ಈ ವಾದ ಮುಂದಿಟ್ಟರು. ನೆಪ್ಚೂನ್ ಆಚೆಗಿನ ಕೆಲವು ಪುಟ್ಟ ಹಿಮಕಾಯಗಳ ನೀಳ ಕಕ್ಷೆಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಚಾಚಿಕೊಂಡಿವೆ. ಭೂಮಿಯ ಹಲವು ಪಟ್ಟು ತೂಕದ ಗ್ರಹವೊಂದು ಅವನ್ನು ಹಾಗೆ ಹಿಡಿದಿಟ್ಟಿರಬೇಕು ಎಂಬುದು ಅವರ ಲೆಕ್ಕ.

ಇಂಥ ಹಿಮಕಾಯಗಳಲ್ಲೊಂದಾದ ಸೆಡ್ನಾವನ್ನೇ ನೋಡಿ. ಅದು ಪತ್ತೆಯಾದದ್ದು 2003ರಲ್ಲಿ. ಸೂರ್ಯನಿಗೆ ಅತಿ ಸಮೀಪ ಬಂದಾಗಲೂ ಅದು ಭೂಮಿ-ಸೂರ್ಯರ ನಡುವಿನ ದೂರದ ಸುಮಾರು 76 ಪಟ್ಟು ಆಚೆಗಿರುತ್ತದೆ. ನೆಪ್ಚೂನ್ ಇರುವುದು 30 ಪಟ್ಟು ದೂರದಲ್ಲಿ. ನೆಪ್ಚೂನ್‌ನ ಸೆಳೆತಕ್ಕೆ ಎಟುಕದ ಇಂಥ ಕಕ್ಷೆಗೆ ಅದನ್ನು ಎಳೆದು ತಂದದ್ದು ಯಾವುದು? ಗ್ರಹದ ವಾದದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಪ್ರಶ್ನೆಯೇ.

ಸಿಗದಿರಲು ಮುಖ್ಯ ಕಾರಣ ಬೆಳಕು. ಸೂರ್ಯನ ಬೆಳಕು ಅಲ್ಲಿಯವರೆಗೆ ಹೋಗಿ, ಪ್ರತಿಫಲಿಸಿ, ಮತ್ತೆ ಇಲ್ಲಿಗೆ ಬರಬೇಕು. ಹಾಗಾಗಿ ದೂರ ಎರಡು ಪಟ್ಟಾದರೆ ಹೊಳಪು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ.

ನಾವು ಆಕಾಶದ ಕೆಲವು ಭಾಗಗಳನ್ನಷ್ಟೇ ಚೆನ್ನಾಗಿ ಹುಡುಕಿದ್ದೇವೆ, ಹಾಗಾಗಿ ಕಕ್ಷೆಗಳು ಒಂದೇ ದಿಕ್ಕಿಗೆ ಚಾಚಿದಂತೆ ಕಾಣುವುದು ಬರೀ ತೋರಿಕೆ ಎನ್ನುವ ಖಗೋಳಜ್ಞರೂ ಇದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಸೆರೆಹಿಡಿಯುವಾಗ ಇಂಥ ಕಾಯಗಳು ಇನ್ನಷ್ಟು ಸಿಕ್ಕರೆ, ಯಾರ ಮಾತು ಸರಿ ಎಂದು ಪರೀಕ್ಷಿಸಬಹುದು.