ಗಣಪತಿ ಹಬ್ಬದೊಳಗೆ ಮನೆ ಒಳಗೆ ನಾವೇ ಪೇಂಟ್ ಹೊಡೆಯಬಹುದಾ? ಯಾವ ಕಂಪನಿ ಪೇಂಟ್ ಒಳ್ಳೆಯದು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಮಲೆನಾಡಿನ ತೀರ್ಥಹಳ್ಳಿ ಕಡೆ ಮನೆ, ಮಳೆ ಸ್ವಲ್ಪ ಹೊಳವಾಗಿದೆ, ಹಬ್ಬಕ್ಕೆ ಎರಡು ವಾರ ಇದೆ, ನಾವೇ ಹೊಡೆದುಬಿಡೋಣ ಅಂತ ನಿಮ್ಮ ಲೆಕ್ಕ. 2019ರಲ್ಲಿ ನಾನೂ ಹೀಗೇ ಹೊರಟಿದ್ದೆ.

ಆ ವರ್ಷ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ಪೇಟೆಗೇ ನೀರು ನುಗ್ಗಿತ್ತು. ಆಮೇಲೆ ನಮ್ಮ ಕಡೆ ನಾಲ್ಕು ದಿನ ಬಿಸಿಲು ಬಂತು. ಸೆಪ್ಟೆಂಬರ್ 2ಕ್ಕೆ ಹಬ್ಬ. ಪೇಂಟರ್ ಕೇಳಿದ ಕೂಲಿ ಜಾಸ್ತಿ ಅನ್ನಿಸಿ ನಾನೂ ತಮ್ಮನೂ ಶುರು ಹಚ್ಚಿಕೊಂಡೆವು. ಹಳೇ ಸುಣ್ಣ ಕೆರೆದೆವು. ಎರಡು ಕೈ ಪುಟ್ಟಿ, ಉಪ್ಪು ಕಾಗದದಲ್ಲಿ ಉಜ್ಜಿದ್ದು, ಪ್ರೈಮರ್, ಎರಡು ಕೋಟ್ ಎಮಲ್ಷನ್ ಪೇಂಟ್. ಕೆಲಸದಲ್ಲಿ ಏನೂ ಕಳ್ಳತನ ಮಾಡಲಿಲ್ಲ.

ಅಮ್ಮ ಮಾತ್ರ, "ಹಿಂದಿನ ಗೋಡೆ ಮುಟ್ಟಿ ನೋಡೋ, ಇನ್ನೂ ತಣ್ಣಗಿದೆ" ಅಂದರು. ಮುಟ್ಟಿದೆ. ಕೈಗೇನೂ ಒದ್ದೆ ಹತ್ತಲಿಲ್ಲ. ಫ್ಯಾನ್ ಹಾಕಿದ್ದೀವಲ್ಲಮ್ಮ ಅಂದೆ.

ನಾನು ಕೆಟ್ಟಿದ್ದು ಅಲ್ಲೇ. ನಮ್ಮದು ಜಂಬಿಟ್ಟಿಗೆ ಗೋಡೆ, ಅಂದರೆ ತೂತು ತೂತಾದ ಕೆಂಪು ಕಲ್ಲಿನದು. ಮನೆ ಹಿಂದೆ ಐದಡಿ ಬಿಟ್ಟರೆ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ದಿಬ್ಬ. ಮಳೆಗಾಲದಲ್ಲಿ ಧರೆ ಬುಡದಲ್ಲಿ ಜಲ ಏಳುತ್ತದೆ, ಮಳೆ ನಿಂತರೂ ಅದು ವಾರಗಟ್ಟಲೆ ಬತ್ತುವುದಿಲ್ಲ. ಆ ನೀರನ್ನು ಜಂಬಿಟ್ಟಿಗೆ ಬುಡದಿಂದ ಹೀರುತ್ತದೆ, ಚಹಾಕ್ಕೆ ಅದ್ದಿದ ರಸ್ಕಿನ ಹಾಗೆ. ಹೊರಮೈ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಪೂರ್ತಿ ಹಸಿ. ಸುಣ್ಣ ಇದ್ದಾಗ ಆ ಪಸೆ ಅದರ ಮೂಲಕವೇ ಆರಿ ಹೋಗುತ್ತಿತ್ತು. ಒಂದಿಷ್ಟು ಸುಣ್ಣ ಉದುರುತ್ತಿತ್ತು, ದೀಪಾವಳಿಗೆ ಮತ್ತೆ ಬಳಿಯುತ್ತಿದ್ದೆವು. ನಾನು ಆ ದಾರಿಗೇ ಎಮಲ್ಷನ್ ಬಳಿದು ಮುಚ್ಚಿಬಿಟ್ಟೆ. ನೀರು ಎಲ್ಲಿಗೆ ಹೋಗಬೇಕು ಹೇಳಿ?

ಹಬ್ಬಕ್ಕೆ ಬಂದವರೆಲ್ಲ ಹೊಗಳಿದರು. ದೀಪಾವಳಿ ಹೊತ್ತಿಗೆ ಗೋಡೆಯ ಕೆಳಗಿನ ಮೂರಡಿ ಕರಿದ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ತಮ್ಮನ ಮಗಳು ಒಂದಕ್ಕೆ ಬೆರಳು ಚುಚ್ಚಿದಳು. ಸಣ್ಣ ಗೆರೆಯಾಗಿ ನೀರು ಇಳಿಯಿತು. ಹಿಂದೆಯೇ ಅಂಗೈ ಅಗಲದ ಚಕ್ಕೆ ಕಳಚಿ ಬಿತ್ತು. ಒಳಗೆ ಉಪ್ಪಿನಂಥ ಬಿಳಿ ಪುಡಿ, ಮೆತ್ತಗಾದ ಪುಟ್ಟಿ. 11,000 ರೂಪಾಯಿ ಹೋಯಿತು. ಅಮ್ಮ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಆಯಿತು.

ಹಾಗಾಗಿ ಯಾವ ಕಂಪನಿ ಅಂತ ಕೇಳಬೇಡಿ, ಯಾವ ತಿಂಗಳು ಅಂತ ಕೇಳಿ. ನಮ್ಮ ಕಡೆ ಫೆಬ್ರವರಿಯಿಂದ ಏಪ್ರಿಲ್. ಗಣಪತಿ ಹಬ್ಬಕ್ಕೆ ಪೇಂಟ್ ಅನ್ನೋದು ಬಯಲುಸೀಮೆಯವರ ಲೆಕ್ಕ. ಈಗ ಬೂಷ್ಟು ಒರೆಸಿ, ತೋರಣ ಕಟ್ಟಿ, ಸುಮ್ನೆ ಹಬ್ಬ ಮಾಡಿ.

ನಾನು ಆಮೇಲೆ ಧರೆ ಬುಡದಲ್ಲಿ ಚರಂಡಿ ತೋಡಿದೆ. ಕೆಳಗಿನ ಮೂರಡಿಯನ್ನು ಗಾರೆ ಕಾಣುವವರೆಗೆ ಕೆರೆದು ಬೇಸಿಗೆವರೆಗೆ ಹಾಗೇ ಬಿಟ್ಟೆ. ನೋಡಿದವರು ಮನೆಗೆ ಚರ್ಮರೋಗ ಬಂದಿದೆಯಾ ಅಂತ ಕೇಳಿದರು. 2020ರ ಮಾರ್ಚ್‌ನಲ್ಲಿ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಒಂದೊಂದು ಗೋಡೆಗೂ ಅಂಟಿಸಿ ಒಂದು ದಿನ ಬಿಟ್ಟೆ. ತೆಗೆದಾಗ ಗೋಡೆ ಕಡೆಯ ಮೈಯಲ್ಲಿ ಹನಿ ಇದ್ದರೆ ಗೋಡೆ ಇನ್ನೂ ಹಸಿ ಅಂತ ಅರ್ಥ. ಮೂರು ಗೋಡೆಯಲ್ಲಿ ಹನಿ ಇರಲಿಲ್ಲ, ಲಾಕ್‌ಡೌನ್‌ನಲ್ಲಿ ಕೂತು ಪೇಂಟ್ ಹೊಡೆದೆವು. ಮೂಲೆಗೆ ಬ್ರಷ್, ಅಗಲಕ್ಕೆ ರೋಲರ್, ಅದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಧರೆ ಕಡೆಯ ಗೋಡೆಯಲ್ಲಿ ಆಗಲೂ ಹನಿ ಕಂಡಿತು. ಅದಕ್ಕೆ ಇವತ್ತಿಗೂ ಸುಣ್ಣವೇ.

ನಿಮ್ಮ ಮನೆ ಹಿಂದೆ ಧರೆ ಇದೆಯಾ? ಎಷ್ಟು ಅಡಿ ದೂರ?